ಕಿಣ್ವದಂತೆ ವರ್ತಿಸುವ ಇಂಗಾಲದ ನ್ಯಾನೊ ವಸ್ತುಗಳು ಮತ್ತು ಜೈವಿಕ ಸಂವೇದಕಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ರಕ್ತದಲ್ಲಿನ ಸಕ್ಕರೆಯ ಪ್ರಮಾಣ, ಹಾಲಿನ ಕಲಬೆರಕೆ, ತರಕಾರಿಗಳ ಮೇಲೆ ಉಳಿದಿರುವ ಕೀಟನಾಶಕದ ಅಂಶ ಮುಂತಾದವುಗಳನ್ನು ಸ್ಥಳದಲ್ಲಿಯೇ ಪತ್ತೆ ಹಚ್ಚುವ ಸಾಧನಗಳ ಕುರಿತ ಬರಹ ಹಾಗೂ ಜಾಹೀರಾತುಗಳಲ್ಲಿ 'ನ್ಯಾನೊ', 'ಗ್ರಾಫೀನ್', 'ಕಿಣ್ವರಹಿತ' ಎಂಬ ಪದಗಳು ಕಂಡುಬರುತ್ತವೆ. ಇವುಗಳ ಅರ್ಥವೇನು, ಇಂತಹ ವಸ್ತುಗಳು ಯಾವ ಕೆಲಸವನ್ನು ಮಾಡಬಲ್ಲವು ಮತ್ತು ಯಾವುದನ್ನು ಮಾಡಲಾರವು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಪುಟದಲ್ಲಿ ವಿವರಿಸಲಾಗಿದೆ. ಪರೀಕ್ಷಾ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವವರು, ಮನೆಯಲ್ಲಿಯೇ ಸಕ್ಕರೆ ಪರೀಕ್ಷೆ ಮಾಡಿಕೊಳ್ಳುವ ಮಧುಮೇಹಿಗಳು ಮತ್ತು ವಿದ್ಯಾರ್ಥಿಗಳು ಇದನ್ನು ಓದಿಕೊಳ್ಳಬಹುದು. ಇಲ್ಲಿ ನೀಡಿರುವ ಮಾಹಿತಿಯು ಯಾವುದೇ ಉತ್ಪನ್ನದ ಶಿಫಾರಸ್ಸು ಆಗಿರುವುದಿಲ್ಲ. ವೈದ್ಯರ ಸಲಹೆಗೆ ಬದಲಿಯೂ ಅಲ್ಲ.

ಕಿಣ್ವ ಮತ್ತು ಜೈವಿಕ ಸಂವೇದಕ

ಜೀವಿಗಳ ದೇಹದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ತ್ವರಿತಗೊಳಿಸುವ, ಆದರೆ ತಾವು ಖರ್ಚಾಗದೆ ಉಳಿಯುವ ಪದಾರ್ಥಗಳಿಗೆ ಕಿಣ್ವಗಳೆಂದು ಹೆಸರು. ಇವುಗಳಲ್ಲಿ ಬಹುತೇಕವು ಪ್ರೋಟೀನುಗಳು. ಒಂದೊಂದು ಕಿಣ್ವವೂ ಸಾಮಾನ್ಯವಾಗಿ ಒಂದು ನಿರ್ದಿಷ್ಟ ಪದಾರ್ಥವನ್ನು ಮಾತ್ರ ಗುರುತಿಸಿ ಅದರ ಮೇಲೆ ವರ್ತಿಸುತ್ತದೆ. ಈ ಗುಣವನ್ನು ಬಳಸಿಕೊಂಡು, ಬೇಕಾದ ಪದಾರ್ಥ ಇದೆಯೇ ಇಲ್ಲವೇ, ಇದ್ದರೆ ಎಷ್ಟಿದೆ ಎಂಬುದನ್ನು ಬಣ್ಣದ ಅಥವಾ ವಿದ್ಯುತ್ತಿನ ರೂಪದಲ್ಲಿ ತಿಳಿಸುವ ಸಾಧನವೇ ಜೈವಿಕ ಸಂವೇದಕ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಅವರ ಸಹೋದ್ಯೋಗಿ ಚಾಂಪ್ ಲಯನ್ಸ್ ಅವರು ಕಿಣ್ವವನ್ನು ವಿದ್ಯುದಗ್ರದೊಂದಿಗೆ ಜೋಡಿಸಿ ಗ್ಲೂಕೋಸನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಇಂದು ಮನೆಮನೆಗಳಲ್ಲಿ ಬಳಕೆಯಲ್ಲಿರುವ ಸಕ್ಕರೆ ಪರೀಕ್ಷಾ ಯಂತ್ರಗಳ ಮೂಲ ಅದೇ.

ಬಣ್ಣದ ಮೂಲಕ ಗ್ಲೂಕೋಸನ್ನು ಪತ್ತೆ ಹಚ್ಚುವ ಪರೀಕ್ಷೆಯಲ್ಲಿ ಎರಡು ಕಿಣ್ವಗಳು ಒಂದರ ನಂತರ ಒಂದು ಕೆಲಸ ಮಾಡುತ್ತವೆ. ಮೊದಲನೆಯದು ಗ್ಲೂಕೋಸ್ ಆಕ್ಸಿಡೇಸ್. ಇದು ಮಾದರಿಯಲ್ಲಿರುವ ಗ್ಲೂಕೋಸನ್ನು ಗುರುತಿಸಿ, ಆಮ್ಲಜನಕದೊಂದಿಗೆ ವರ್ತಿಸುವಂತೆ ಮಾಡಿ, ಹೈಡ್ರೋಜನ್ ಪೆರಾಕ್ಸೈಡನ್ನು ಉಂಟುಮಾಡುತ್ತದೆ. ಎರಡನೆಯದು ಪೆರಾಕ್ಸಿಡೇಸ್. ಇದು ಆ ಹೈಡ್ರೋಜನ್ ಪೆರಾಕ್ಸೈಡನ್ನು ಬಳಸಿಕೊಂಡು ಬಣ್ಣವಿಲ್ಲದ ಒಂದು ಪದಾರ್ಥವನ್ನು ಬಣ್ಣವುಳ್ಳದ್ದಾಗಿ ಪರಿವರ್ತಿಸುತ್ತದೆ. ಗ್ಲೂಕೋಸ್ ಹೆಚ್ಚಿದ್ದಷ್ಟೂ ಬಣ್ಣ ಗಾಢವಾಗುತ್ತದೆ.

ಕಚೇರಿಯ ರೂಢಿಯಲ್ಲಿ ಹೇಳುವುದಾದರೆ, ಗ್ಲೂಕೋಸ್ ಆಕ್ಸಿಡೇಸ್ ಎಂಬುದು ಬಿಲ್ಲು ಯಾರದು, ಮೊತ್ತ ಎಷ್ಟು ಎಂದು ಪರಿಶೀಲಿಸುವ ವಿಷಯ ನಿರ್ವಾಹಕನಂತೆ. ಪೆರಾಕ್ಸಿಡೇಸ್ ಎಂಬುದು ಪರಿಶೀಲನೆಯಾಗಿ ಬಂದ ಬಿಲ್ಲಿಗೆ ಮೊಹರು ಒತ್ತುವ ಸಿಬ್ಬಂದಿಯಂತೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿವರಗಳು ಸುಲಭವಾಗಿ ಅರ್ಥವಾಗುತ್ತವೆ.

ಬದಲಿ ಏಕೆ ಬೇಕಾಯಿತು?

ಪ್ರಯೋಗಾಲಯಗಳಲ್ಲಿ ಬಳಸುವ ಪೆರಾಕ್ಸಿಡೇಸ್ ಕಿಣ್ವವನ್ನು ಮುಖ್ಯವಾಗಿ ಹಾರ್ಸ್‌ರ‍್ಯಾಡಿಶ್ ಎಂಬ, ಸಾಸಿವೆ ಮತ್ತು ಮೂಲಂಗಿಯ ಕುಟುಂಬಕ್ಕೆ ಸೇರಿದ ಗಿಡದ ಬೇರಿನಿಂದ ಪಡೆಯಲಾಗುತ್ತದೆ. ಡೆಂಗಿ ಜ್ವರದ ಪತ್ತೆಗಾಗಿ ಆಸ್ಪತ್ರೆಗಳಲ್ಲಿ ನಡೆಸುವ ಎಲಿಸಾ ಪರೀಕ್ಷೆಯಲ್ಲಿ ಬಣ್ಣ ಬರುವುದು ಸಾಮಾನ್ಯವಾಗಿ ಇದೇ ಕಿಣ್ವದಿಂದ. ಇದನ್ನು ಬೇರಿನಿಂದ ಬೇರ್ಪಡಿಸಿ ಶುದ್ಧೀಕರಿಸುವುದು ವೆಚ್ಚದಾಯಕ. ಪ್ರೋಟೀನು ಆಗಿರುವುದರಿಂದ ಉಷ್ಣತೆ, ತೀವ್ರ ಆಮ್ಲ, ಕ್ಷಾರಗಳಿಗೆ ಕೆಡುತ್ತದೆ. ಆದ್ದರಿಂದ ಇಂತಹ ಪರೀಕ್ಷಾ ಕಿಟ್‌ಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇರಿಸಬೇಕಾಗುತ್ತದೆ. ಶೀತಲ ವ್ಯವಸ್ಥೆ ಇರುವ ಜಿಲ್ಲಾ ಪ್ರಯೋಗಾಲಯಕ್ಕೆ ಇದು ಕಷ್ಟವಲ್ಲ. ಬೇಸಿಗೆಯಲ್ಲಿ ವಿದ್ಯುತ್ ಕಡಿತವಾಗುವ ಗ್ರಾಮದ ಉಪಕೇಂದ್ರಕ್ಕೆ ಕಷ್ಟ. ಕೆಟ್ಟ ಕಿಣ್ವವು ತಾನು ಕೆಟ್ಟಿರುವುದನ್ನು ಹೇಳುವುದಿಲ್ಲ, ಬಣ್ಣ ಬರುವುದಿಲ್ಲವಷ್ಟೇ. ರೋಗವಿದ್ದರೂ ಇಲ್ಲವೆಂದು ವರದಿಯಾಗುವ ಅಪಾಯ ಇಲ್ಲಿದೆ.

ಇಂಗಾಲದ ನ್ಯಾನೊ ವಸ್ತುಗಳು

ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ ನ್ಯಾನೊಮೀಟರ್ ಎನ್ನಲಾಗುತ್ತದೆ. ಯಾವುದಾದರೊಂದು ಅಳತೆಯಲ್ಲಿ ಸುಮಾರು 1ರಿಂದ 100 ನ್ಯಾನೊಮೀಟರ್ ಇರುವ ವಸ್ತುಗಳನ್ನು ನ್ಯಾನೊ ವಸ್ತುಗಳೆಂದು ಪರಿಗಣಿಸಲಾಗುತ್ತದೆ. ಪೆನ್ಸಿಲಿನ ಸೀಸದಲ್ಲಿರುವ ಗ್ರಾಫೈಟ್ ಎಂಬುದು ಇಂಗಾಲದ ಪದರಗಳ ಕಟ್ಟು. ಅದರ ಒಂದೇ ಪದರವನ್ನು ಬಿಡಿಸಿ ತೆಗೆದರೆ ಗ್ರಾಫೀನ್. ಈ ಕಾರ್ಯವನ್ನು 2004ರಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸಾಧಿಸಿದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅವರಿಗೆ 2010ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆತಿದೆ. ಅದೇ ಪದರವು ಕೊಳವೆಯಾಕಾರದಲ್ಲಿ ಸುರುಳಿಗೊಂಡಂತಿದ್ದರೆ ಇಂಗಾಲದ ನ್ಯಾನೊ ಕೊಳವೆ. 60 ಪರಮಾಣುಗಳು ಕಾಲ್ಚೆಂಡಿನಂತೆ ಕೂಡಿಕೊಂಡಿದ್ದರೆ ಫುಲರೀನ್. ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳಾಗಿದ್ದರೆ ಇಂಗಾಲದ ಚುಕ್ಕಿಗಳು. ಗ್ರಾಫೈಟನ್ನು ಪ್ರಬಲ ಆಮ್ಲ ಮತ್ತು ಉತ್ಕರ್ಷಣಕಾರಿಗಳಿಂದ ಸಂಸ್ಕರಿಸಿ, ಪದರದ ಮೇಲೆ ಆಮ್ಲಜನಕವುಳ್ಳ ಗುಂಪುಗಳು ಸೇರುವಂತೆ ಮಾಡಿದಾಗ ಗ್ರಾಫೀನ್ ಆಕ್ಸೈಡ್ ದೊರೆಯುತ್ತದೆ.

ಜೀವವಿಲ್ಲದ ಕಣವೊಂದು ಕಿಣ್ವದ ಕೆಲಸ ಮಾಡಬಲ್ಲದೆಂಬ ವಿಚಾರವು ವ್ಯಾಪಕ ಗಮನ ಸೆಳೆದದ್ದು 2007ರಲ್ಲಿ. ಚೀನಾದ ವಿಜ್ಞಾನಿ ಯಾನ್ ಶಿಯುನ್ ಅವರ ತಂಡವು, ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳು ತಾವಾಗಿಯೇ ಪೆರಾಕ್ಸಿಡೇಸಿನಂತೆ ವರ್ತಿಸುತ್ತವೆಂದು ಆ ವರ್ಷ ಪ್ರಕಟಿಸಿತು. ಇಂತಹ ವಸ್ತುಗಳಿಗೆ 'ನ್ಯಾನೊಜೈಮ್' ಎಂಬ ಹೆಸರು ರೂಢಿಯಲ್ಲಿದೆ. ಈ ಪದವು ಇಟಲಿಯ ಸಂಶೋಧಕರಿಂದ 2004ರಲ್ಲಿಯೇ ಬಳಕೆಗೆ ಬಂದಿತ್ತು. ಇಂಗಾಲದ ಸರದಿ ಬಂದದ್ದು 2010ರಲ್ಲಿ. ಚೀನಾದ ಚಾಂಗ್‌ಚುನ್ ನಗರದ ಸಂಶೋಧಕರು ಕಾರ್ಬಾಕ್ಸಿಲ್ ಗುಂಪುಗಳನ್ನು ಸೇರಿಸಿದ ಗ್ರಾಫೀನ್ ಆಕ್ಸೈಡ್ ಪೆರಾಕ್ಸಿಡೇಸಿನ ಕೆಲಸ ಮಾಡುತ್ತದೆಂದು ತೋರಿಸಿ, ಅದರ ನೆರವಿನಿಂದ ಗ್ಲೂಕೋಸನ್ನು ಪತ್ತೆ ಹಚ್ಚಿದರು. ಮರುವರ್ಷವೇ ಇಂಗಾಲದ ಚುಕ್ಕಿಗಳಿಗೂ ಇದೇ ಗುಣವಿರುವುದು ವರದಿಯಾಯಿತು.

ನಮ್ಮ ರಾಜ್ಯಕ್ಕೆ ಸಂಬಂಧಿಸಿದಂತೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ. ಮುಗೇಶ್ ಅವರ ತಂಡವು ವೆನೇಡಿಯಂ ಪೆಂಟಾಕ್ಸೈಡಿನ ನ್ಯಾನೊ ತಂತಿಗಳು ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದಂತೆ ವರ್ತಿಸುವುದನ್ನು 2014ರಲ್ಲಿ ಪ್ರಕಟಿಸಿದೆ. ಅದು ಲೋಹದ ಆಕ್ಸೈಡ್, ಇಂಗಾಲವಲ್ಲ. ಆದರೂ ಇದೇ ವಿಜ್ಞಾನ ಶಾಖೆಗೆ ಸೇರಿದ್ದು.

ಕೆಲಸ ಮಾಡುವ ವಿಧಾನ

ಸಹಜ ಪೆರಾಕ್ಸಿಡೇಸಿನ ಒಡಲಲ್ಲಿ ಹೀಮ್ ಎಂಬ ಭಾಗವಿದ್ದು, ಅದರ ನಡುವೆ ನಾಲ್ಕು ಸಾರಜನಕ ಪರಮಾಣುಗಳಿಂದ ಹಿಡಿಯಲ್ಪಟ್ಟ ಒಂದು ಕಬ್ಬಿಣದ ಪರಮಾಣು ಇರುತ್ತದೆ. ಇಂಗಾಲದ ಪದರದಲ್ಲಿ ಆ ವ್ಯವಸ್ಥೆ ಇಲ್ಲ. ಅಲ್ಲಿ ಪದರದ ಅಂಚಿನ ಆಮ್ಲಜನಕವುಳ್ಳ ಗುಂಪುಗಳು ಮತ್ತು ಪದರದ ಉದ್ದಕ್ಕೂ ಎಲೆಕ್ಟ್ರಾನುಗಳು ಸುಲಭವಾಗಿ ಸಂಚರಿಸುವ ಗುಣ ಕೆಲಸಕ್ಕೆ ಬರುತ್ತವೆ. ಬಣ್ಣ ಕೊಡುವ ಪದಾರ್ಥದಿಂದ ಎಲೆಕ್ಟ್ರಾನನ್ನು ಪಡೆದು ಹೈಡ್ರೋಜನ್ ಪೆರಾಕ್ಸೈಡಿಗೆ ದಾಟಿಸುವ ಸೇತುವೆಯಂತೆ ಇಂಗಾಲ ವರ್ತಿಸುತ್ತದೆ. ಗ್ರಾಫೀನ್ ಚುಕ್ಕಿಗಳ ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಾರ್ಬೊನಿಲ್ ಗುಂಪುಗಳು ಕ್ರಿಯೆ ನಡೆಯುವ ಸ್ಥಳಗಳು, ಕಾರ್ಬಾಕ್ಸಿಲ್ ಗುಂಪುಗಳು ಪದಾರ್ಥವನ್ನು ಹಿಡಿದಿಡುವ ಸ್ಥಳಗಳು, ಹೈಡ್ರಾಕ್ಸಿಲ್ ಗುಂಪುಗಳು ಕ್ರಿಯೆಗೆ ಅಡ್ಡಿಯಾಗುವಂತಹವು. ಎಂದರೆ ಒಂದೇ ಹೆಸರಿನ ವಸ್ತುವನ್ನು ಎರಡು ಕಡೆ ಎರಡು ವಿಧವಾಗಿ ತಯಾರಿಸಿದರೆ ಅವುಗಳ ಕಾರ್ಯಶಕ್ತಿ ಬೇರೆ ಬೇರೆ ಆಗಿರುತ್ತದೆ.

ಕೆಲವು ವರ್ಷಗಳಿಂದ ಸಂಶೋಧಕರು ಸಾರಜನಕ ಬೆರೆತ ಇಂಗಾಲದ ಹಾಳೆಯಲ್ಲಿ ಕಬ್ಬಿಣದ ಪರಮಾಣುಗಳನ್ನು ಒಂದೊಂದಾಗಿ ನೆಟ್ಟು, ಹೀಮ್ ಭಾಗವನ್ನೇ ಹೋಲುವ ವಸ್ತುಗಳನ್ನು ತಯಾರಿಸುತ್ತಿದ್ದಾರೆ. ಇವು ಬರಿಯ ಗ್ರಾಫೀನ್ ಆಕ್ಸೈಡಿಗಿಂತ ಬಹಳ ಚುರುಕಾದವು.

ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣದ ಪದಾರ್ಥವನ್ನು ಸಂಕ್ಷಿಪ್ತವಾಗಿ ಟಿ.ಎಂ.ಬಿ. ಎನ್ನುತ್ತಾರೆ. ಉತ್ಕರ್ಷಣೆಗೊಂಡಾಗ ಇದು ನೀಲಿಯಾಗುತ್ತದೆ. ಆ ನೀಲಿಯನ್ನು 652 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯಲಾಗುತ್ತದೆ. ಹಿಂದೆ ಬಳಕೆಯಲ್ಲಿದ್ದ ಬೆಂಜಿಡಿನ್ ಕ್ಯಾನ್ಸರ್‌ಕಾರಕವಾದ್ದರಿಂದ ಅದರ ಬದಲಿಗೆ ಇದು ಬಂದಿದೆ.

ಮಿತಿಗಳು: ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕಾದುದು

ಇಂಗಾಲದ ನ್ಯಾನೊ ವಸ್ತು ಬಿಸಿಗೆ ಕೆಡುವುದಿಲ್ಲ, ಶೀತಲ ಪೆಟ್ಟಿಗೆ ಕೇಳುವುದಿಲ್ಲ, ಅಗ್ಗದ ಕಚ್ಚಾ ಪದಾರ್ಥದಿಂದ ಹೆಚ್ಚು ಪ್ರಮಾಣದಲ್ಲಿ ತಯಾರಾಗುತ್ತದೆ. ಇವೆಲ್ಲವೂ ಸತ್ಯ. ಆದರೆ ಮೇಲಿನ ವಿವರಣೆಯಲ್ಲಿ ಅದು ವಹಿಸಿಕೊಂಡಿರುವುದು ಮೊಹರು ಒತ್ತುವ ಕೆಲಸವನ್ನು ಮಾತ್ರ. ಗ್ಲೂಕೋಸನ್ನು ಗುರುತಿಸುವ ಕೆಲಸ ಗ್ಲೂಕೋಸ್ ಆಕ್ಸಿಡೇಸಿನ ಬಳಿಯೇ ಉಳಿದಿದೆ, ಮತ್ತು ಅದು ಪ್ರೋಟೀನು. ಆದ್ದರಿಂದ ಪೆರಾಕ್ಸಿಡೇಸ್ ಬದಲಿಗೆ ಇಂಗಾಲವನ್ನು ಬಳಸಿದ ಮಾತ್ರಕ್ಕೆ ಇಡೀ ಪರೀಕ್ಷೆಯು 'ಕಿಣ್ವರಹಿತ' ಆಗುವುದಿಲ್ಲ. ಪಟ್ಟಿಯನ್ನು ಬಿಸಿಲಿನಲ್ಲಿ ಇಟ್ಟರೆ ಕೆಡುವ ಭಾಗವೊಂದು ಅದರಲ್ಲಿ ಇದ್ದೇ ಇರುತ್ತದೆ. ಎರಡೂ ಕಿಣ್ವಗಳನ್ನು ಕೈಬಿಟ್ಟು ನಿಜವಾಗಿಯೂ ಕಿಣ್ವರಹಿತವಾಗಿ ಗ್ಲೂಕೋಸನ್ನು ಅಳೆಯುವ ಪ್ರಯತ್ನಗಳೂ ನಡೆದಿವೆ. ಅಂತಹ ಸಾಧನದ ವಿಷಯದಲ್ಲಿ, ಗ್ಲೂಕೋಸಿಗೂ ಅದನ್ನು ಹೋಲುವ ಇತರ ಪದಾರ್ಥಗಳಿಗೂ ಇರುವ ವ್ಯತ್ಯಾಸವನ್ನು ಅದು ಹೇಗೆ ತಿಳಿಯುತ್ತದೆ ಎಂಬುದೇ ಕೇಳಬೇಕಾದ ಮೊದಲ ಪ್ರಶ್ನೆ.

ಈ ಪ್ರಶ್ನೆ ಪಾಂಡಿತ್ಯದ ಪ್ರಶ್ನೆಯಲ್ಲ. ಗುರುತಿಸುವಿಕೆಯಲ್ಲಿ ಆಗುವ ತಪ್ಪಿಗೆ ಜೀವಗಳು ಹೋಗಿರುವುದು ದಾಖಲಾಗಿದೆ. ಸಕ್ಕರೆ ಪರೀಕ್ಷಾ ಪಟ್ಟಿಗಳಲ್ಲಿ ಒಂದು ಬಗೆಯವು ಜಿ.ಡಿ.ಎಚ್.-ಪಿ.ಕ್ಯೂ.ಕ್ಯೂ. ಎಂಬ ಕಿಣ್ವವನ್ನು ಬಳಸುತ್ತಿದ್ದವು. ಈ ಕಿಣ್ವಕ್ಕೆ ಗ್ಲೂಕೋಸಿಗೂ ಮಾಲ್ಟೋಸಿಗೂ ಇರುವ ವ್ಯತ್ಯಾಸ ತಿಳಿಯುವುದಿಲ್ಲ. ಮೂತ್ರಪಿಂಡ ವೈಫಲ್ಯಕ್ಕೆ ಉದರದ ಡಯಾಲಿಸಿಸ್ ಪಡೆಯುವ ಕೆಲವು ರೋಗಿಗಳಿಗೆ ನೀಡುವ ಐಕೊಡೆಕ್ಸ್‌ಟ್ರಿನ್ ಎಂಬ ದ್ರಾವಣವು ದೇಹದಲ್ಲಿ ಮಾಲ್ಟೋಸ್ ಆಗುತ್ತದೆ. ಯಂತ್ರವು ಅದನ್ನೂ ಸಕ್ಕರೆಯೆಂದೇ ಲೆಕ್ಕ ಹಾಕಿ ಹೆಚ್ಚಿನ ಅಂಕಿ ತೋರಿಸಿದಾಗ ರೋಗಿಗೆ ಅನಗತ್ಯವಾಗಿ ಇನ್ಸುಲಿನ್ ನೀಡಲಾಗುತ್ತಿತ್ತು. ನಿಜವಾದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತಿತ್ತು. 1997ರಿಂದ 2009ರವರೆಗೆ ಇಂತಹ ತಪ್ಪು ಅಳತೆಗೆ ಸಂಬಂಧಿಸಿದ 13 ಸಾವುಗಳು ವರದಿಯಾಗಿವೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರ ಆಗಸ್ಟ್ ತಿಂಗಳಲ್ಲಿ ಎಚ್ಚರಿಕೆ ನೀಡಿತು. ಅಲ್ಲಿ ಬಳಸಿದ್ದು ಸಹಜ ಕಿಣ್ವವನ್ನೇ. ಕಿಣ್ವಕ್ಕಿಂತಲೂ ಕಡಿಮೆ ವಿವೇಚನೆಯುಳ್ಳ ಕಣವನ್ನು ಆ ಸ್ಥಾನದಲ್ಲಿ ಕೂರಿಸುವಾಗ ಎಷ್ಟು ಎಚ್ಚರ ಬೇಕೆಂಬುದನ್ನು ಓದುಗರೇ ಊಹಿಸಬಹುದು.

ಉಳಿದ ತೊಡಕುಗಳೂ ಇವೆ. ಇಂಗಾಲದ ಕಣಗಳು ಪೆರಾಕ್ಸಿಡೇಸಿನಂತೆ ಚೆನ್ನಾಗಿ ಕೆಲಸ ಮಾಡುವುದು ಸುಮಾರು 4 ಪಿ.ಎಚ್. ಮಟ್ಟದ ಆಮ್ಲೀಯ ದ್ರಾವಣದಲ್ಲಿ. ರಕ್ತದ ಪಿ.ಎಚ್. ಸುಮಾರು 7.4. ಗ್ಲೂಕೋಸ್ ಆಕ್ಸಿಡೇಸಿಗೂ ಅಷ್ಟೊಂದು ಆಮ್ಲತೆ ಹಿತವಲ್ಲ. ಆದಕಾರಣ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಎರಡು ಹಂತಗಳಲ್ಲಿ, ಎರಡು ದ್ರಾವಣಗಳಲ್ಲಿ ಪರೀಕ್ಷೆ ನಡೆಸಲಾಗುತ್ತದೆ. ಇದನ್ನು ಒಂದೇ ಪಟ್ಟಿಯೊಳಗೆ ತರುವುದು ಸುಲಭವಲ್ಲ. ಎರಡನೆಯದಾಗಿ, ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್‌ನಲ್ಲಿಯೂ ಹೀಮ್ ಇರುವುದರಿಂದ ಅದೂ ಸ್ವಲ್ಪಮಟ್ಟಿಗೆ ಪೆರಾಕ್ಸಿಡೇಸಿನಂತೆ ವರ್ತಿಸಿ ಬಣ್ಣ ತರಬಲ್ಲದು. ಮೂರನೆಯದಾಗಿ, 'ಸಿ' ಜೀವಸತ್ವವು ಟಿ.ಎಂ.ಬಿ.ಯ ನೀಲಿ ಬಣ್ಣವನ್ನು ಅಳಿಸಿಹಾಕುತ್ತದೆ. 'ಸಿ' ಜೀವಸತ್ವದ ಮಾತ್ರೆಗಳನ್ನು ಹೆಚ್ಚಾಗಿ ಸೇವಿಸುವವರ ಮಾದರಿಯಲ್ಲಿ ಇರುವುದಕ್ಕಿಂತ ಕಡಿಮೆ ಅಂಕಿ ಬರುವ ಸಾಧ್ಯತೆ ಇದೆ. ನ್ಯಾನೊ ಕೊಳವೆಗಳನ್ನು ಕಬ್ಬಿಣ, ನಿಕ್ಕಲ್ ಮುಂತಾದ ಲೋಹಗಳ ಕಣಗಳ ಮೇಲೆ ಬೆಳೆಸುವುದರಿಂದ ಉಳಿದುಹೋದ ಲೋಹವೇ ಕೆಲಸ ಮಾಡುತ್ತಿದೆಯೋ ಇಂಗಾಲ ಮಾಡುತ್ತಿದೆಯೋ ಎಂಬುದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.

ಹಾಲು ಮತ್ತು ತರಕಾರಿ

ಗುರುತಿಸುವ ತೊಂದರೆ ಅಷ್ಟಾಗಿ ಇಲ್ಲದ ಒಂದು ಉಪಯೋಗವಿದೆ. ಹಾಲು ಕೆಡದಂತೆ ಇಡಲು ಕೆಲವರು ಕಾನೂನುಬಾಹಿರವಾಗಿ ಹೈಡ್ರೋಜನ್ ಪೆರಾಕ್ಸೈಡನ್ನು ಬೆರೆಸುವುದುಂಟು. ಇಲ್ಲಿ ಪತ್ತೆ ಹಚ್ಚಬೇಕಾದುದು ಹೈಡ್ರೋಜನ್ ಪೆರಾಕ್ಸೈಡನ್ನೇ ಆದ್ದರಿಂದ ಮೊದಲನೆಯ ಕಿಣ್ವದ ಅಗತ್ಯವಿಲ್ಲ. ಹಸಿ ಹಾಲಿನಲ್ಲಿ ಲ್ಯಾಕ್ಟೊಪೆರಾಕ್ಸಿಡೇಸ್ ಎಂಬ ಕಿಣ್ವ ತಾನಾಗಿಯೇ ಇರುತ್ತದೆ. ಹಾಲನ್ನು ಕುದಿಸಿದರೆ ಅದು ನಾಶವಾಗುತ್ತದೆ. ಕಾಯಿಸಿದ ಹಾಲಿನ ಪರೀಕ್ಷೆಗೆ ಬಿಸಿಗೆ ಕೆಡದ ಇಂಗಾಲದ ಕಣಗಳು ಉಪಯುಕ್ತವಾಗಬಲ್ಲವು. ಆದರೆ 4ರ ಪಿ.ಎಚ್.ಗೆ ತಂದರೆ ಹಾಲು ಒಡೆಯುತ್ತದೆ ಎಂಬುದು ಗೃಹಿಣಿಯರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಮೊದಲು ಹಾಲನ್ನು ಒಡೆಸಿ, ಸೋಸಿ, ತಿಳಿಯಾದ ನೀರಿನಲ್ಲಿ ಪರೀಕ್ಷೆ ಮಾಡಬೇಕಾಗುತ್ತದೆ.

ತರಕಾರಿಯ ಮೇಲಿನ ಕೀಟನಾಶಕದ ಪರೀಕ್ಷೆಯಲ್ಲಿ ಅಸಿಟೈಲ್‌ಕೋಲಿನ್ ಎಸ್ಟರೇಸ್ ಎಂಬ ಕಿಣ್ವ ಗುರುತಿಸುವ ಸ್ಥಾನದಲ್ಲಿರುತ್ತದೆ. ಆ ಕಿಣ್ವ ಚೆನ್ನಾಗಿದ್ದರೆ ಅದರಿಂದ ಉಂಟಾಗುವ ಪದಾರ್ಥವು ನೀಲಿ ಬಣ್ಣವನ್ನು ಅಳಿಸುತ್ತದೆ. ಕೀಟನಾಶಕವಿದ್ದರೆ ಕಿಣ್ವ ಕುಂಠಿತವಾಗಿ ನೀಲಿ ಉಳಿಯುತ್ತದೆ. ಆರ್ಗನೊಫಾಸ್ಫೇಟ್ ಮತ್ತು ಕಾರ್ಬಮೇಟ್ ವರ್ಗದ ಕೀಟನಾಶಕಗಳನ್ನು ಮಾತ್ರ ಇದು ಸೂಚಿಸುತ್ತದೆ. ಅವುಗಳಲ್ಲಿ ಯಾವುದೆಂದು ಹೆಸರಿಸುವುದಿಲ್ಲ. ನೀಲಿ ಉಳಿಯಲಿಲ್ಲವೆಂದ ಮಾತ್ರಕ್ಕೆ ಯಾವ ಕೀಟನಾಶಕವೂ ಇಲ್ಲವೆಂದು ಭಾವಿಸತಕ್ಕದ್ದಲ್ಲ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ನನ್ನ ಮನೆಯಲ್ಲಿರುವ ಸಕ್ಕರೆ ಪರೀಕ್ಷಾ ಪಟ್ಟಿಯಲ್ಲಿ ಈ ವಸ್ತುಗಳು ಇವೆಯೇ?

ಔಷಧ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಪಟ್ಟಿಗಳು ಸಹಜ ಕಿಣ್ವವನ್ನೇ ಬಳಸುತ್ತವೆ. ಅವುಗಳಲ್ಲಿ ಇಂಗಾಲವಿದ್ದರೂ ಬಹುಮಟ್ಟಿಗೆ ಅದು ವಿದ್ಯುತ್ ಹರಿಸುವ ಲೇಪನವಾಗಿ ಇರುತ್ತದೆಯೇ ಹೊರತು ಕಿಣ್ವದ ಬದಲಿಯಾಗಿ ಅಲ್ಲ. ಡಬ್ಬಿಯ ಮುಚ್ಚಳವನ್ನು ತೆಗೆದ ಕೂಡಲೇ ಮುಚ್ಚುವುದು, ಡಬ್ಬಿಯ ಮೇಲೆ ನಮೂದಿಸಿರುವ ಉಷ್ಣತೆಯಲ್ಲಿ ಇಡುವುದು, ಅವಧಿ ಮುಗಿದ ಪಟ್ಟಿಯನ್ನು ಬಳಸದಿರುವುದು ಈಗಲೂ ಅಷ್ಟೇ ಅವಶ್ಯಕ.

ಸಾಧನವನ್ನು ಕೊಳ್ಳುವ ಮೊದಲು ಏನನ್ನು ಪರಿಶೀಲಿಸಬೇಕು?

ದಿನಾಂಕ 1-4-2020ರಿಂದ ನಮ್ಮ ದೇಶದಲ್ಲಿ ಎಲ್ಲಾ ವೈದ್ಯಕೀಯ ಉಪಕರಣಗಳನ್ನು ಔಷಧಗಳ ಕಾಯಿದೆಯ ವ್ಯಾಪ್ತಿಗೆ ತರಲಾಗಿದ್ದು, ಅವುಗಳ ತಯಾರಿಕೆ ಮತ್ತು ಆಮದಿಗೆ ವೈದ್ಯಕೀಯ ಉಪಕರಣಗಳ ನಿಯಮಗಳು, 2017 ಅನ್ವಯಿಸುತ್ತವೆ. ಪೊಟ್ಟಣದ ಮೇಲೆ ಪರವಾನಗಿ ಸಂಖ್ಯೆ, ತಯಾರಕರ ಅಥವಾ ಆಮದುದಾರರ ವಿಳಾಸ, ತಂಡದ ಸಂಖ್ಯೆ ಮತ್ತು ಅವಧಿ ಇವೆಯೇ ಎಂದು ನೋಡಿಕೊಳ್ಳಬೇಕು. ಐ.ಎಸ್.ಒ. 15197ರ 2013ರ ಆವೃತ್ತಿಯಂತೆ ಮನೆಬಳಕೆಯ ಯಂತ್ರದ ಅಳತೆಗಳಲ್ಲಿ ಶೇ. 95ರಷ್ಟು, ಪ್ರಯೋಗಾಲಯದ ಅಳತೆಯು 100 ಮಿ.ಗ್ರಾಂ.ಗಿಂತ ಕಡಿಮೆ ಇದ್ದಾಗ 15 ಮಿ.ಗ್ರಾಂ. ಒಳಗೂ, 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಶೇ. 15ರ ಒಳಗೂ ಹೆಚ್ಚು ಕಡಿಮೆ ಇರಬೇಕು (ಪ್ರತಿ 100 ಮಿ.ಲೀ. ರಕ್ತಕ್ಕೆ). 'ನ್ಯಾನೊ' ಎಂಬ ಪದವು ಈ ಮಾನದಂಡಕ್ಕೆ ಬದಲಿಯಲ್ಲ. ಚರ್ಮವನ್ನು ಚುಚ್ಚದೆಯೇ ಸಕ್ಕರೆ ಅಳೆಯುತ್ತವೆಂದು ಹೇಳಿಕೊಳ್ಳುವ ಕೈಗಡಿಯಾರ ಮತ್ತು ಉಂಗುರಗಳನ್ನು ಬಳಸದಂತೆ ಅಮೆರಿಕದ ಆಡಳಿತವು 2024ರ ಫೆಬ್ರವರಿಯಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಿರುವುದನ್ನೂ ಇಲ್ಲಿ ಗಮನಕ್ಕೆ ತರಲಾಗಿದೆ.

ಪಟ್ಟಿಯ ಅಂಕಿ ನೋಡಿ ಮಧುಮೇಹವಿದೆಯೆಂದು ತೀರ್ಮಾನಿಸಬಹುದೇ?

ಇಲ್ಲ. ಪ್ರಯೋಗಾಲಯದಲ್ಲಿ ರಕ್ತನಾಳದ ರಕ್ತವನ್ನು ಪರೀಕ್ಷಿಸಿ, ಉಪವಾಸದ ಅಳತೆ ಪ್ರತಿ 100 ಮಿ.ಲೀ.ಗೆ 126 ಮಿ.ಗ್ರಾಂ. ಅಥವಾ ಹೆಚ್ಚು ಇದೆಯೇ, ಎಚ್.ಬಿ.ಎ1.ಸಿ. ಶೇ. 6.5 ಅಥವಾ ಹೆಚ್ಚು ಇದೆಯೇ ಮುಂತಾದವುಗಳ ಆಧಾರದ ಮೇಲೆ ವೈದ್ಯರು ತೀರ್ಮಾನಿಸುತ್ತಾರೆ. ಇನ್ಸುಲಿನ್ ಪಡೆಯುತ್ತಿರುವವರು, ಯಂತ್ರದ ಅಂಕಿಗೂ ತಮ್ಮ ದೇಹಸ್ಥಿತಿಗೂ ತಾಳೆಯಾಗದಿದ್ದಲ್ಲಿ, ಪ್ರಮಾಣವನ್ನು ತಾವೇ ಬದಲಾಯಿಸದೆ ತಕ್ಷಣ ವೈದ್ಯರನ್ನು ಕಾಣತಕ್ಕದ್ದು.

ಇಂಗಾಲದ ಚುಕ್ಕಿಗಳನ್ನು ಹಣ್ಣಿನ ರಸದಿಂದ ಶಾಲೆಯಲ್ಲಿ ತಯಾರಿಸಬಹುದೇ?

ಕಿತ್ತಳೆ ರಸದಿಂದ ಇಂಗಾಲದ ಚುಕ್ಕಿಗಳನ್ನು ತಯಾರಿಸಿದ್ದನ್ನು ಒಡಿಶಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಆದರೆ ಇದಕ್ಕೆ ಮುಚ್ಚಿದ ಪಾತ್ರೆಯಲ್ಲಿ ಹೆಚ್ಚಿನ ಉಷ್ಣತೆ ಮತ್ತು ಒತ್ತಡ ಬೇಕಾಗುತ್ತದೆ. ಗ್ರಾಫೀನ್ ಆಕ್ಸೈಡಿನ ತಯಾರಿಕೆಯಲ್ಲಿ ಗಂಧಕಾಮ್ಲ ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಒಟ್ಟಿಗೆ ಬಳಕೆಯಾಗುತ್ತವೆ. ಇದು ಸ್ಫೋಟದ ಅಪಾಯವುಳ್ಳದ್ದು. ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ಇವುಗಳನ್ನು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ತಯಾರಿಸಕೂಡದು. ಪೆರಾಕ್ಸಿಡೇಸಿನ ಕೆಲಸವನ್ನು ನೋಡಬಯಸುವ ವಿದ್ಯಾರ್ಥಿಗಳು ಶಿಕ್ಷಕರ ಸಮ್ಮುಖದಲ್ಲಿ ಬೇರೆ ಸರಳ ಪ್ರಯೋಗಗಳನ್ನು ಆಯ್ದುಕೊಳ್ಳುವುದು ಸೂಕ್ತ.

ಕೊಂಡ ಹಾಲಿನ ಬಗ್ಗೆ ಸಂಶಯವಿದ್ದಲ್ಲಿ ಏನು ಮಾಡಬೇಕು?

ಮನೆಯಲ್ಲಿ ಪಟ್ಟಿಯಿಂದ ಮಾಡಿಕೊಂಡ ಪರೀಕ್ಷೆ ಸಂಶಯಕ್ಕೆ ಆಧಾರವಾಗಬಹುದೇ ಹೊರತು ಆಹಾರ ವಿಶ್ಲೇಷಕರ ವರದಿಯ ಸ್ಥಾನವನ್ನು ಪಡೆಯುವುದಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006ರ 40ನೇ ಪ್ರಕರಣದಂತೆ ಯಾವುದೇ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ತಾವು ಕೊಂಡ ಆಹಾರ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಲು ಅವಕಾಶವಿದೆ. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸಬೇಕು. ಅನೇಕ ಅರ್ಜಿದಾರರು ಇದನ್ನು ತಿಳಿಯದೆ ಮನೆಗೆ ಬಂದ ಮೇಲೆ ಮಾದರಿಯನ್ನು ತರುವ ಸಂಭವವಿದೆ. ಪದಾರ್ಥವು ಕಾಯಿದೆಗೆ ಅನುಗುಣವಾಗಿಲ್ಲವೆಂದು ವರದಿಯಾದಲ್ಲಿ ಪಾವತಿಸಿದ ಶುಲ್ಕವನ್ನು ಹಿಂದಕ್ಕೆ ಪಡೆಯಲು ಖರೀದಿದಾರರು ಅರ್ಹರಾಗಿರುತ್ತಾರೆ. ಆದುದರಿಂದ ಶುಲ್ಕದ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.